ಮಾವನ ಮಂಡಿಗೆ ಕಟ್ಟಿದ ಹಿಮದುಂಡೆ

ಚಿಕ್ಕಮ್ಮಾ,

ಸ್ಕಾಟ್ಲೆಂಡಿನ ಚಳಿಯಲ್ಲೂ ನಾನು ಗಟ್ಟಿಯಾಗಿದ್ದೇನೆ. ಆದರೆ ನಿನ್ನೆ ನನ್ನ ಕೈಯಾರೆ ಗಂಡನ ಮನೆಯ ಕೋಟೆಯೇ ಹೋಗುವುದರಲ್ಲಿತ್ತು!

ನಮ್ಮ ಮಾವ ಅರ್ಲ್, ಅಂದರೆ ಇಲ್ಲಿನ ಜಹಗೀರುದಾರರು, ಅಲ್ಲವೇ? ಪ್ರತಿ ಜೂನ್‌ನಲ್ಲಿ ರಾಜನ ಅಧಿಕಾರಿ ಬಂದಾಗ ಒಂದು ಹಿಮದುಂಡೆ ಒಪ್ಪಿಸಬೇಕಂತೆ. ತಪ್ಪಿದರೆ ಕೋಟೆ ರಾಜನ ಪಾಲು. ಅದಕ್ಕೇ ಮಾವ ಜನವರಿಯಲ್ಲೇ ಉಂಡೆ ಕಟ್ಟಿ, ಪತ್ರಿಕೆಯಲ್ಲಿ ಸುತ್ತಿ ಫ್ರೀಜರಿನಲ್ಲಿಡುತ್ತಾರೆ. ಹೊಸ ಸೊಸೆಗೆ ಇದನ್ನು ಯಾರೂ ಹೇಳಿರಲಿಲ್ಲ. ನಿನ್ನೆ ಮಾವನ ಮಂಡಿ ಊದಿತ್ತು. ಫ್ರೀಜರಿನಲ್ಲಿ ಸಿಕ್ಕ ಉಂಡೆಯ ಪತ್ರಿಕೆ ಬಿಚ್ಚಿ ಪಕ್ಕಕ್ಕಿಟ್ಟು, ಟವೆಲಿನಲ್ಲಿ ಸುತ್ತಿ ಕಟ್ಟಿದೆ.

"ಪುಣ್ಯಾತ್ಗಿತ್ತಿ ಕಣಮ್ಮ ನೀನು!" ಎಂದು ಮಾವ ಹಾಯಾಗಿ ಕಣ್ಣು ಮುಚ್ಚಿದರು. ಊತ ಇಳಿಯಿತು. ಉಂಡೆಯೂ ಕರಗಿ ಅವರ ಕಾಲುಚೀಲಕ್ಕಿಳಿಯಿತು. ಎದ್ದವರು ಜನವರಿಯ ಪತ್ರಿಕೆ ಕಂಡಿದ್ದೇ ಚೀರಿದರು: "ಅಯ್ಯೋ, ಅದು ನಮ್ ಕಂದಾಯ ಕಣೇ!"

ಆಗಲೇ ಅಧಿಕಾರಿಯ ಕಾರು ಬಂತು. ಅತ್ತೆ ಸಟ್ಟುಗ ಹಿಡಿದು ಫ್ರೀಜರಿನ ಗೋಡೆ ಕೆರೆದರು, ಉಂಡೆ ಕಟ್ಟಿದರು, ಬೆಳ್ಳಿತಟ್ಟೆಯಲ್ಲಿಟ್ಟರು.

ಅಧಿಕಾರಿ ಕನ್ನಡಕ ಏರಿಸಿ ಬಗ್ಗಿದ. "ಏನ್ ಸ್ವಾಮಿ, ಹಿಮದೊಳಗೆ ಬಟಾಣಿ?"

"ಈ ಸಲ ಬೆಳೆ ಚೆನ್ನಾಗಿ ಬಂದಿತ್ತು," ಎಂದರು ಮಾವ, ಬೆವರುತ್ತಾ.

"ಇರ್ಲಿ ಬಿಡಿ. ಹೋದ್ವರ್ಷ ಸೀಗಡಿ ಇತ್ತು," ಎನ್ನುತ್ತಾ ಆತ ಸಹಿ ಹಾಕಿದ.

ಮಾವ ಥಟ್ಟನೆ ಅತ್ತೆಯ ಕಡೆ ತಿರುಗಿದರು. ಅತ್ತೆ ಗೋಡೆಯ ಮೇಲಿದ್ದ ಮುತ್ತಜ್ಜನ ಚಿತ್ರವನ್ನು ಭಕ್ತಿಯಿಂದ ನೋಡುತ್ತಿದ್ದರು.

ಎರಡು ಜೊತೆ ಉಣ್ಣೆ ಕಾಲುಚೀಲ ಕಳಿಸು, ಒಂದು ಮಾವನಿಗೆ. ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ.

ನಿನ್ನ ಗ್ವೆನ್

ಅಂಚಿನಲ್ಲಿ ಇಷ್ಟು ಜಾಗವಿದೆ: ಅತ್ತೆ ಈಗಷ್ಟೇ ಕಿವಿಯಲ್ಲಿ ಹೇಳಿದರು, "ಹೋದ್ವರ್ಷದ ಉಂಡೇನ ನಾನು ಸೊಂಟಕ್ಕೆ ಕಟ್ಕೊಂಡಿದ್ದೆ ಕಣೇ."