ಅತ್ತೆ ತೆಗೆದ ಫೋಟೊ

ಮುದ್ದೇಬಿಹಾಳ
೨೧ ಫೆಬ್ರುವರಿ ೧೯೭೬

ತೀರ್ಥರೂಪ ಅಪ್ಪನವರ ಪಾದಗಳಿಗೆ ಮಗಳು ಇಂದುಬಾಯಿಯ ನಮಸ್ಕಾರಗಳು.

ನಿಮ್ಮ ಎರಡು ಕಾಗದಗಳು ಬಂದು ದೇವರ ಮಾಡದಲ್ಲಿ ಕೂತಿವೆ. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡಿ. ಸುಗ್ಗಿ ನಡೆದಿತ್ತು. ಜೋಳದ ಚೀಲಗಳು ಮನೆ ಸೇರುವ ಹೊತ್ತಿಗೆ ನಾನೂ ಅತ್ತೆಯೂ ಧೂಳಿನಲ್ಲಿ ಗುರುತು ಸಿಗದಂತಾಗಿದ್ದೆವು. ಈಗ ಎಲ್ಲರೂ ಆರಾಮ ಇದ್ದೇವೆ. ಮದುವೆಯಲ್ಲಿ ನೀವು ಕೊಟ್ಟು ಕಳಿಸಿದ ಡಬ್ಬಿ ಕ್ಯಾಮೆರಾ ಕೂಡ ಆರಾಮವಾಗಿದೆ. "ನಿಮ್ಮವ್ವ ಮೊದಲು ನಿನ್ನ ಆರೋಗ್ಯ ಕೇಳ್ತಾರ, ನಿಮ್ಮಪ್ಪ ಮೊದಲು ಕ್ಯಾಮೆರಾದ್ದು ಕೇಳ್ತಾರ" ಎಂದು ನಿಮ್ಮ ಅಳಿಯಂದಿರು ನಗುತ್ತಾರೆ.

ಪ್ರಿಂಟಿನ ಮೇಲೆ ಬಿಳಿ ಕಲೆಗಳು ಯಾಕೆ ಬರುತ್ತವೆ ಎಂದು ಕೇಳಿದ್ದೆನಲ್ಲ, ನೀವು ಬರೆದದ್ದೇ ನಿಜ. ಇಲ್ಲಿಯ ಬಾವಿ ನೀರು ಸವುಳು. ಹಾಗಾಗಿ ಕೊನೆಯ ತೊಳೆತಕ್ಕೆ ಕುಡಿಯುವ ಸಿಹಿನೀರನ್ನೇ ಬಳಸತೊಡಗಿದೆ. ಅತ್ತೆ ಶೆಟ್ಟೆವ್ವನವರು ಒಂದು ದಿನ ಕಂಡುಹಿಡಿದರು. "ನಾವು ಹೊತ್ತು ತರೋ ನೀರಾಗ ಕಾಗದಕ್ಕ ಜಳಕಾ ಮಾಡಸ್ತೀಯಲ್ಲ, ಹುಚ್ಚಿ!" ಎಂದು ಬೈದರು. ಮರುದಿನ ನೋಡಿದರೆ ಕಾಳಿನ ಕೋಣೆಯ ಬಾಗಿಲ ಬಳಿ ಒಂದು ಕೊಡ ಸಿಹಿನೀರು ಬೇರೆಯಾಗಿಯೇ ಇಟ್ಟಿತ್ತು. ಆ ಕಾಳಿನ ಕೋಣೆಯೇ ನನ್ನ ಕತ್ತಲೆ ಕೋಣೆ. ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಸಂದಿಗಳಿಗೆ ಗೋಣಿ ತುರುಕಿದರೆ ಹಾಡಹಗಲಲ್ಲೂ ಅಂಗೈ ಕಾಣುವುದಿಲ್ಲ.

ಈಗ ಮುಖ್ಯ ಸುದ್ದಿ. ಲಚ್ಯಾಣಕ್ಕೆ ಕೊಟ್ಟಿರುವ ನಮ್ಮ ನಾದಿನಿ ಗುಂಡವ್ವ ಹೆಣ್ಣು ಹೆತ್ತಿದ್ದಾಳೆ. "ವೈನಿ, ನಮ್ಮವ್ವಂದೊಂದು ಫೋಟೊ ತಗದು ಕಳಸ್ರಿ, ಗ್ವಾಡಿಗೆ ಹಾಕ್ತೇನಿ" ಎಂದು ಹೇಳಿ ಕಳಿಸಿದಳು. ಅತ್ತೆ ಈವರೆಗೆ ಫೋಟೊಗೆ ಕುಳಿತವರೇ ಅಲ್ಲ. ಸಣ್ಣವರಿದ್ದಾಗ ಸಿಡುಬು ಬಂದು ಮುಖದ ತುಂಬ ಕುಳಿ ಬಿದ್ದಿವೆ, ಒಂದು ಕಣ್ಣಿಗೆ ಹೂವು ಬಿದ್ದು ಬೆಳ್ಳಗಾಗಿದೆ. ಒಲ್ಲೆ ಎನ್ನುತ್ತಾರೆಂದೇ ಎಣಿಸಿದ್ದೆ. ಅವರು ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತೇ ಬಿಟ್ಟರು.

ಬೆಳಗಿನ ಬಿಸಿಲು ಎದುರಿನ ಬಿಳಿ ಗೋಡೆಗೆ ಬಡಿದು ಮೆತ್ತಗಾಗಿ ಅವರ ಮೇಲೆ ಬೀಳುತ್ತಿತ್ತು. ಹಿಂದಿದ್ದ ಮೇವಿನ ಬಣವೆ ಚೌಕಟ್ಟಿನಲ್ಲಿ ಬಾರದಂತೆ ನಾನು ಎರಡು ಹೆಜ್ಜೆ ಸರಿದು, ಕ್ಯಾಮೆರಾವನ್ನು ಎದೆಗಾನಿಸಿ ಬಗ್ಗಿ ನೋಡಿದೆ.

"ಅತ್ತಿ, ಜರಾ ಆ ಕಡಿ ಹೊಳ್ಳ್ರಿ" ಎಂದೆ.

"ಯಾಕ?"

"ಆ ಕಡಿ ಬೆಳಕು ಛಲೋ ಐತ್ರಿ."

"ಬೆಳಕು ಎರಡೂ ಕಡಿ ಅಷ್ಟ ಐತಿ. ನೀ ಈ ಕಣ್ಣು ಮುಚ್ಚಿಡಾಕತ್ತೀ, ಹೌದಿಲ್ಲೋ?"

ನಾನು ಕ್ಯಾಮೆರಾದಿಂದ ತಲೆ ಎತ್ತಿದೆ. ಅವರು ಸಿಟ್ಟೂ ಮಾಡಲಿಲ್ಲ, ಮುಖ ಸಣ್ಣದೂ ಮಾಡಲಿಲ್ಲ. ಮೊಣಕಾಲ ಮೇಲೆ ಕೈ ಊರಿ ಹೇಳಿದರು: "ನೋಡವ್ವಾ, ಗುಂಡವ್ವ ಈ ಮಾರಿ ನೋಡಕೋತ ಹಾಲು ಕುಡದಾಕಿ. ಅರ್ಧಾ ಮಾರಿ ಕಳಸಿದ್ರ ಇದ್ಯಾರದು ಅಂತ ಕೇಳ್ತಾಳ. ಇದ್ದದ್ದು ಇದ್ದಂಗ ತಗಿ."

ಇದ್ದದ್ದು ಇದ್ದಂತೆ ತೆಗೆದೆ. ಅಪ್ಪಾ, ಅದು ನಾನು ತೆಗೆದ ಫೋಟೊಗಳಲ್ಲೆಲ್ಲ ಚೆನ್ನಾಗಿ ಬಂದದ್ದು. ಪ್ರತಿಯೊಂದು ಕುಳಿಯೂ ಕಾಣುತ್ತದೆ. ಆದರೆ ನೋಡುವವರು ಕುಳಿಗಳನ್ನು ನೋಡುವುದಿಲ್ಲ, ಅವರ ತುಟಿಯ ಬದಿಗೆ ಇರುವ ಚೇಷ್ಟೆಯನ್ನು ನೋಡುತ್ತಾರೆ.

ಫೋಟೊ ಆದ ಮೇಲೆ ಅತ್ತೆ ಏಳಲಿಲ್ಲ. "ಈಗ ನೀ ಕುಂಡ್ರು, ನಾ ಒತ್ತತೇನಿ" ಎಂದು ಡಬ್ಬಿಗೆ ಕೈ ಚಾಚಿದರು. ಬೇಡವೆಂದರೂ ಬಿಡಲಿಲ್ಲ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಕಾಣುವ ಒಂದೇ ಕಣ್ಣಿಂದ ಒಳಗೆ ಇಣುಕಿ, "ಅಯ್ಯ, ನೀ ಎಡಕ್ಕ ಸರದ್ರ ಇದರಾಗ ಬಲಕ್ಕ ಹೊಂಟೀಯಲ್ಲ! ಇದೆಂಥಾ ಸುಳ್ಳ ಡಬ್ಬಿ!" ಎಂದು ಗಲಾಟೆ ಎಬ್ಬಿಸಿದರು. ನಾನು ಕಟ್ಟೆಯ ಮೇಲೆ ಕುಳಿತೆ. ಕುತ್ತಿಗೆ ತಾನಾಗಿಯೇ ಹೊರಳಿತು, ಸೆರಗು ಕೆನ್ನೆಗೆ ಬಂತು. ಅತ್ತೆ ತಲೆ ಎತ್ತಿದರು.

"ನನ್ನ ನೆಟ್ಟಗ ಕುಂಡ್ರಿಸಿ ತಗದು, ನೀ ಯಾಕ ಗ್ವಾಡಿ ನೋಡ್ತಿ? ಸೆರಗು ಬಿಡು. ನನ್ನ ನೋಡು."

ನೋಡಿದೆ. ಟಕ್ ಎಂದಿತು.

ಮರುದಿನ ಕಾಳಿನ ಕೋಣೆಯಲ್ಲಿ ಎರಡನ್ನೂ ಪ್ರಿಂಟು ಮಾಡಿದೆ. ಗಾಜಿನ ಕೆಳಗೆ ನೆಗೆಟಿವ್ ಮತ್ತು ಕಾಗದ ಒತ್ತಿಟ್ಟು ಬೆಳಕು ತೋರಿಸಿ, ಕೆಂಪು ದೀಪದಲ್ಲಿ ಚಿತ್ರ ಮೂಡಿಸುವ ಔಷಧದ ತಟ್ಟೆಗೆ ಬಿಟ್ಟೆ. ಅತ್ತೆ ತೆಗೆದದ್ದರಲ್ಲಿ ನನ್ನ ನೆತ್ತಿ ಕತ್ತರಿಸಿ ಹೋಗಿದೆ, ಹಿಂದಿನ ಬಾಗಿಲು ವಾಲಿದೆ, ಅರ್ಧ ಚಿತ್ರದಲ್ಲಿ ಅಂಗಳವೇ ಇದೆ. ನಿಮ್ಮ ಬಳಿ ಫೋಟೊ ಕಲಿಯಲು ಬರುವ ಹುಡುಗರು ಯಾರಾದರೂ ಇಂಥದ್ದು ತಂದಿದ್ದರೆ ಮರಳಿ ಕೊಟ್ಟು ಕಳಿಸುತ್ತಿದ್ದಿರಿ. ಆದರೆ ಔಷಧದ ಕೆಳಗಿಂದ ಮೊದಲು ಕಣ್ಣು, ಆಮೇಲೆ ಬಾಯಿ, ಆಮೇಲೆ ಎರಡೂ ಕೆನ್ನೆ ಮೇಲೆದ್ದು ಬಂದಾಗ ನಾನು ನೋಡುತ್ತಲೇ ಕುಳಿತುಬಿಟ್ಟೆ. ಹೊತ್ತಿಗೆ ಸರಿಯಾಗಿ ಎತ್ತಬೇಕೆಂಬುದು ಮರೆತುಹೋಗಿ ಪ್ರಿಂಟು ಕೊಂಚ ಕಪ್ಪಾಗಿದೆ.

ಅತ್ತೆಯ ಫೋಟೊವನ್ನು ಸೀರೆ ಡಬ್ಬಿಯ ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸಿದೆ. ಕೆಳಗಿನ ಅಂಚನ್ನು ಮೇಲಿನದಕ್ಕಿಂತ ಅಗಲ ಬಿಟ್ಟೆ, ಇಲ್ಲದಿದ್ದರೆ ಚಿತ್ರ ಜಾರಿದಂತೆ ಕಾಣುತ್ತದೆಂದು ನೀವು ಹೇಳಿದ್ದು ನೆನಪಿತ್ತು. ರಟ್ಟು ಸುರುಳಿಯಾಗದಂತೆ ಧೋತರದಲ್ಲಿ ಸುತ್ತಿ ಬೀಸುಕಲ್ಲಿನಡಿ ಇಟ್ಟೆ. ನಿಮ್ಮ ಅಳಿಯಂದಿರೇ ಲಚ್ಯಾಣಕ್ಕೆ ಒಯ್ದು ಕೊಟ್ಟು ಬಂದರು. ಗುಂಡವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು, ಕೂಸಿನ ಮುಂದೆ ಹಿಡಿದು, "ನೋಡು, ನಿಮ್ಮಾಯಿ" ಎಂದಳಂತೆ. ಇದನ್ನು ಕೇಳಿಯೂ ಅತ್ತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ ಇದ್ದರು, ಆದರೆ ಅವತ್ತು ರೊಟ್ಟಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಾದವು.

ಅವ್ವನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳಲು ಹೇಳಿ. ಬಾಗೇವಾಡಿಯ ಎಲ್ಲ ಹಿರಿಯರಿಗೂ ನನ್ನ ನಮಸ್ಕಾರ. ಬಸವಣ್ಣ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಮಗಳು,
ಇಂದು

ತಾ.ಕ.: ಅತ್ತೆ ತೆಗೆದ ನನ್ನ ಫೋಟೊ ಈ ಲಕೋಟೆಯಲ್ಲಿದೆ. ಅಪ್ಪಾ, ನನ್ನ ಎಡಗೆನ್ನೆ ಇರುವ ಫೋಟೊ ಇದೊಂದೇ. ನೀವು ತೆಗೆದ ಎಷ್ಟೋ ಫೋಟೊಗಳಿವೆ. ಸಾಲೆಗೆ ಹೊರಟದ್ದು, ಹೊಸ ಲಂಗ ಉಟ್ಟದ್ದು, ಇವರ ಮನೆಗೆ ತೋರಿಸಲು ಕಳಿಸಿದ್ದು. ಎಲ್ಲದರಲ್ಲೂ "ಇಂದೂ, ಆ ಕಡಿ ಹೊಳ್ಳು" ಎಂದಿರಿ. ಬೆಳಕಿಗಾಗಿ ಹೇಳುತ್ತೀರೆಂದು ಬಹಳ ದಿನ ತಿಳಿದಿದ್ದೆ. ನೀವು ಔಷಧ ಕರಗಿಸಲು ಕಾಯಿಸಿಟ್ಟ ನೀರು ಮೈಮೇಲೆ ಚೆಲ್ಲಿ ಆ ಕೆನ್ನೆ ಸುಟ್ಟಾಗ ನಾನು ಅಂಬೆಗಾಲಿಡುತ್ತಿದ್ದೆನಂತೆ. ಅವ್ವ ಹೇಳಿದ್ದಷ್ಟೇ ಗೊತ್ತು, ಉರಿಯೂ ನೆನಪಿಲ್ಲ. ಅದಕ್ಕಾಗಿ ನಿಮ್ಮ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ. ಸುಟ್ಟದ್ದು ಎಂದೋ ಮಾಯ್ದಿದೆ. ಆದರೆ ಆಮೇಲೆ ನೀವು ಆ ಕೆನ್ನೆಯನ್ನು ನೋಡಲೇ ಇಲ್ಲವಲ್ಲ, ಅದು ಮಾಯಲಿಲ್ಲ. ಯುಗಾದಿಗೆ ಬರುತ್ತೇನೆ. ಪಡಸಾಲೆಯ ಬೆಳಕಿನಲ್ಲಿ ನೆಟ್ಟಗೆ ಕೂರುತ್ತೇನೆ. ಕ್ಯಾಮೆರಾ ಇಲ್ಲದಿದ್ದರೂ ನಡೆದೀತು, ನೀವು ನೋಡಿದರೆ ಸಾಕು.