ವರ್ಷಕ್ಕೊಂದೇ ಕೊಯ್ಲು

ಮೂರನೇ ಮಹಡಿ, ಹಿಂಬದಿಯ ಕೋಣೆ
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯಲ್ಲಿ ಮೆಟ್ಟಿಲಿಲ್ಲ, ಮಾತಿಗೆ ಬರವಿಲ್ಲ. ಎರಡೂ ನಿಮಗೆ ಒಳ್ಳೆಯದೇ. ಗುಳಿಗೆಯನ್ನು ಹೂಕುಂಡಕ್ಕೆ ಹಾಕುತ್ತೀರಂತೆ, ಅವಳೇ ಹೇಳಿದಳು. ಗಿಡಕ್ಕೆ ಮಂಡಿಯಿಲ್ಲ, ದಯವಿಟ್ಟು ನೀವೇ ನುಂಗಿ. ನಾವಿಲ್ಲಿ ಕ್ಷೇಮ.

ನೀವು ಸಿಟ್ಟು ಮಾಡಿಕೊಂಡು ಹೋಗಿ ಐದು ತಿಂಗಳಾಯಿತು. ಈ ಕಟ್ಟಡದ ಮಾಲಿಯಾಗಿ ಮೂವತ್ತು ವರ್ಷ ನೀವು ಜಮಖಾನದಂತೆ ಕಾಪಾಡಿದ ಹುಲ್ಲುಹಾಸನ್ನು ಕೆದಕಿ ಕಾಡುಹೂಗಳ ಬೀಜ ಚೆಲ್ಲೋಣ ಎಂದು ಸಭೆಯಲ್ಲಿ ಮೊದಲು ಕೈಯೆತ್ತಿದವಳು ನಾನೇ. “ನನ್ನ ಕಣ್ಣೆದುರೇ ನನ್ನ ಕೆಲಸ ಹಾಳು ಮಾಡ್ತೀಯಲ್ಲ” ಎಂದಿರಿ. ಆ ಮಾತು ಇನ್ನೂ ಚುಚ್ಚುತ್ತದೆ. ಆದರೂ ಎತ್ತಿದ ಕೈ ಇಳಿಸಿಲ್ಲ. ಮಳೆ ಬಂದರೆ ಕೆಳಮನೆಯ ದರ್ಜಿಯ ಹೊಸ್ತಿಲು ಮುಟ್ಟುತ್ತಿದ್ದ ನೀರು ಈ ಸಲ ಗಿಡಗಳ ಬುಡದಲ್ಲೇ ಇಂಗಿತು. ಹೆಸರು ಗೊತ್ತಿಲ್ಲದ ಹಳದಿ ಹೂವಿಗೆ ಹೆಸರು ಗೊತ್ತಿಲ್ಲದ ದುಂಬಿ ಬರುತ್ತದೆ. ಪರಿಚಯ ಅವರವರಲ್ಲೇ ಆಗಿದೆ, ನಮ್ಮ ಹಂಗಿಲ್ಲ. ಗಂಡ ತೀರಿಕೊಂಡ ಮೇಲೆ ಬಾಗಿಲೇ ತೆರೆಯದಿದ್ದ ನಾಲ್ಕನೇ ಮಹಡಿಯ ನರ್ಸಮ್ಮ ಈಗ ದಿನಾ ಕೆಳಗಿಳಿದು ಚಿಟ್ಟೆ ಎಣಿಸುತ್ತಾರೆ. “ನಿನ್ನೆ ಹನ್ನೊಂದಿತ್ತು, ಇವತ್ತು ಒಂಬತ್ತೇ. ಎರಡಕ್ಕೆ ರಜೆ ಕೊಟ್ಟೋರು ಯಾರು?” ಎಂದು ನನ್ನನ್ನೇ ಗದರಿದರು. ನಾನೊಂದು ಫಲಕವನ್ನೂ ಬರೆದೆ: ‘ಕಣ್ಣಿಗೆ ಬೇಲಿ ಇಲ್ಲ, ಕೈಗೆ ಕೆಲಸ ಇಲ್ಲ; ಕಿತ್ತರೆ ಹೂವೂ ಇಲ್ಲ, ಕಾದರೆ ಕೊರತೆ ಇಲ್ಲ.’ ಪ್ರಾಸ ಮೆಚ್ಚಿದವರು ಇಬ್ಬರು, ಅದರಲ್ಲಿ ನಾನೊಬ್ಬಳು.

ತಪ್ಪೂ ಆಗಿದೆ, ಮುಚ್ಚಿಡುವುದಿಲ್ಲ. ಎರಡನೇ ತಿಂಗಳಲ್ಲಿ ಹತ್ತು ಜನ ಸೇರಿ ಮಹಾ ಉತ್ಸಾಹದಿಂದ ಕಳೆ ಕಿತ್ತೆವು. ಏಳು ಚೀಲ ತುಂಬಿದ ಮೇಲೆ ಬೀಜ ಕೊಟ್ಟ ಹೆಂಗಸು ಬಂದು ನೋಡಿ, “ಹೂವಿನ ಸಸಿ ಚೀಲದಲ್ಲಿದೆ, ಕಳೆ ನೆಲದಲ್ಲಿದೆ” ಎಂದರು. ಅರ್ಧ ಜಾಗಕ್ಕೆ ಮತ್ತೆ ಬೀಜ ಚೆಲ್ಲಿದೆವು. ಎಲೆ ನೋಡಿಯೇ ಗಿಡ ಹೇಳಬಲ್ಲವರು ಇಲ್ಲಿ ಒಬ್ಬರೇ ಇದ್ದರು. ಅವರನ್ನು ನಾನೇ ಸಿಟ್ಟಿಗೆಬ್ಬಿಸಿ ಕಳಿಸಿದ್ದೆ.

ಈಗ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗೆ ಹಾವಿನ ಭಯ, ಅಂದದ ಚಿಂತೆ. ಮುಂದಿನ ತಿಂಗಳು ಯಂತ್ರ ತರಿಸಿ ಎಲ್ಲ ಬೋಳಿಸುತ್ತಾರಂತೆ. ನಾನು ಬಿಡುವುದಿಲ್ಲ. ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದೇನೆ. ನಲವತ್ತರಲ್ಲಿ ಮೂವತ್ತೊಂದು ಆಯಿತು. ಉಳಿದವರು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಟಿವಿ ಆರಿಸಿ ಉಸಿರು ಬಿಗಿಹಿಡಿಯುತ್ತಾರೆ.

ಅಕ್ಕ-ಭಾವನಿಗೆ ನನ್ನ ನೆನಪು ಹೇಳಿ. ನಿಮ್ಮ ಪಾದಕ್ಕೆ ನಮಸ್ಕಾರ, ಮಂಡಿಗೆ ಬೇರೆಯಾಗಿ.

ನಿಮ್ಮ ಮೊಂಡು ಕಿರಿಮಗಳು

ತಾ.ಕ.: ಸೋಮವಾರ ಬೆಳಗ್ಗೆ, ಅವಸರದಲ್ಲಿ. ರಾತ್ರಿ ಊಟದ ಹೊತ್ತಿಗೆ ಕಾರ್ಯದರ್ಶಿ ಬಂದಿದ್ದರು. ಮೂವತ್ತನೇ ತಾರೀಖಿನೊಳಗೆ ನಾವೇ ಕೈಯಾರೆ ಕೊಯ್ದು ಮುಗಿಸಿದರೆ ಯಂತ್ರ ತರಿಸುವುದಿಲ್ಲವಂತೆ. ಬೀಜ ಉದುರಿದ ಮೇಲೆ ವರ್ಷಕ್ಕೊಮ್ಮೆ ಹೇಗೂ ಕೊಯ್ಯಲೇಬೇಕು, ಅಷ್ಟರಲ್ಲಿ ಅದೂ ಉದುರಿರುತ್ತದೆ; ಕೊಯ್ದದ್ದನ್ನು ಹೊರಗೆ ಸಾಗಿಸಬೇಕು. ನಮಗೆ ಇಷ್ಟು ಗೊತ್ತು. ಉದ್ದ ಹಿಡಿಯ ಕುಡುಗೋಲು ಬೀಸಲು ಒಬ್ಬರಿಗೂ ಬರುವುದಿಲ್ಲ. ಯಂತ್ರಗಳು ಬರುವ ಮುಂಚೆ ನೀವು ಅದರಲ್ಲೇ ಕೊಯ್ಯುತ್ತಿದ್ದಿರಿ. ನನ್ನ ಮಾತು ಒಪ್ಪಿ ಎಂದು ಕೇಳುತ್ತಿಲ್ಲ ಅಪ್ಪಾ, ಸಿಟ್ಟಿನಲ್ಲೇ ಬನ್ನಿ. ನೀವು ಕುರ್ಚಿಯಲ್ಲಿ ಕೂತು ಬಯ್ಯಿರಿ, ನಾವು ಕೊಯ್ಯುತ್ತೇವೆ. ಇಪ್ಪತ್ತಾರು ಶುಕ್ರವಾರ ಕರೆಯಲು ಬರುತ್ತೇನೆ. ಹಿಂದಿರುಗುವ ಬಸ್ಸಿಗೆ ಎರಡು ಟಿಕೆಟ್ ತೆಗೆದಾಗಿದೆ.