ಬಡ್ಡಿ ಊಟದಲ್ಲಿ ಪಾಯಸವಿಲ್ಲ

ಪ್ರೀತಿಯ ದೊಡ್ಡಪ್ಪ,

ಮೂರು ತಿಂಗಳಿಗೊಮ್ಮೆ ಡಿಪಾಸಿಟ್‌ನ ಬಡ್ಡಿ ಬಂದ ಮೇಲಿನ ಭಾನುವಾರ, ಕುರ್ಲಾದ ನಿಮ್ಮ ಚಾಳಿನಲ್ಲಿ ಪಾಯಸದ ಘಮ ಏಳುತ್ತಿತ್ತು. ಹೋಟೆಲ್‌ನಲ್ಲಿ ನಿಮ್ಮೊಂದಿಗೆ ದುಡಿದು, ಊರಿಗೆ ಮರಳಲಾಗದೆ ಇಲ್ಲೇ ಮುದುಕರಾದವರಿಗೆ ನೀವು ಬಡಿಸುತ್ತಿದ್ದ ‘ಬಡ್ಡಿ ಊಟ’ ಅದು. “ಅಸಲು ಮುಟ್ಟಬಾರದು ಮಾರಾಯ, ಬಡ್ಡಿ ಉಣ್ಣಬೇಕು” ಎನ್ನುತ್ತಿದ್ದಿರಿ. ನೀವು ಕಣ್ಣು ಮುಚ್ಚಿದ ಮೇಲೂ ದೊಡ್ಡಮ್ಮ ಅದನ್ನು ನಿಲ್ಲಿಸಲಿಲ್ಲ.

ಅಮೆರಿಕದ ಬ್ಯಾಂಕುಗಳು ಮುಳುಗಿದ ಕಾಲ ನೆನಪಿದೆಯೇ? ಅಲ್ಲಿನ ಕೇಂದ್ರ ಬ್ಯಾಂಕು ಹೊಸ ಹಣ ಸೃಷ್ಟಿಸಿ ಸರ್ಕಾರದ ಸಾಲಪತ್ರ ಕೊಳ್ಳುತ್ತಿದೆ ಎಂದು ನಾನು ಪೇಪರ್ ನೋಡಿ ಹೇಳಿದ್ದೆ. ಹೋಟೆಲ್‌ನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ನೀವು ನಕ್ಕಿರಿ: “ಅಲ್ಲಿ ನೋಟು ಸುರಿದ್ರೆ ಇಲ್ಲಿ ನಮ್ಮ ಸಾಂಬಾರ್ ನೀರಾಗ್ತದಾ?”

ನೀರಾಯಿತು ದೊಡ್ಡಪ್ಪ. ಕೋವಿಡ್ ಬಂದಾಗ ನಮ್ಮ ಕೇಂದ್ರ ಬ್ಯಾಂಕಿನವರೂ ಅದೇ ದಾರಿ ಹಿಡಿದರು. ಬಡ್ಡಿ ಇಳಿಸಿದರು, ಅದು ಸಾಲದೆಂದು ಸಾಲಪತ್ರ ಕೊಂಡು ಹಣ ಹರಿಸಿದರು. ದೇಶದ ಆರ್ಥಿಕತೆ ಉಳಿಸಲು ಎಂದರು. ಉಳಿದಿರಬಹುದು, ಆದರೆ ಯಾರ ತಟ್ಟೆಯಿಂದ ತೆಗೆದು? ಹೋಟೆಲ್‌ಗಳಿಗೆ ಬೀಗ ಬಿದ್ದಿದ್ದಾಗ ಷೇರುಪೇಟೆ ಕುಣಿಯಿತು. ಪವಾಯಿಯಲ್ಲಿ ಅಗ್ಗದ ಸಾಲದ ಟವರ್‌ಗಳೆದ್ದವು. ದೊಡ್ಡಮ್ಮನ ಡಿಪಾಸಿಟ್ ಮಾತ್ರ ಆ ಪಾತಾಳದ ದರಕ್ಕೇ ಐದು ವರ್ಷ ಕಟ್ಟುಬಿತ್ತು. ಬೇಳೆ, ಎಣ್ಣೆ ಏರುತ್ತಲೇ ಇದ್ದವು. ಅವರು ಮೊದಲು ಗೋಡಂಬಿ ಬಿಟ್ಟರು, ಆಮೇಲೆ ಪಾಯಸವನ್ನೇ. ಬಡ್ಡಿ ಇಳಿಸುವ ಯಾವ ಸಭೆಯಲ್ಲಿ ಈ ಮುದುಕಿಯ ಮಾತು ಬಂದಿತ್ತು?

ಕಳೆದ ವಾರ ಅವಧಿ ಮುಗಿದ ಡಿಪಾಸಿಟ್ ಹಿಡಿದು ದಾದರ್‌ನ ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗಿ ನಮ್ಮ ಕಡೆಯವಳೇ. “ಆಂಟೀ, ರೇಟ್ ಫಿರ್ ಸೇ ಕಮ್ಮಿ ಆಗಿದೆ. ಮ್ಯೂಚುವಲ್ ಫಂಡ್ ಮಾಡಿ ನಾ, ಥೋಡಾ ರಿಸ್ಕ್ ತಗೊಳ್ಳಿ.”

“ಈ ಪ್ರಾಯದಲ್ಲಿ ನಾನು ರಿಸ್ಕ್ ತಗೊಳ್ಳುದಾ ಮಗಾ? ಬಡ್ಡಿ ಇಳಿಸಿದ ಸಾಹೇಬ್ರು ಮೊದಲು ತಮ್ಮ ಪಿಂಚಣಿ ಅದರಲ್ಲಿ ಹಾಕಲಿ. ಮತ್ತೆ ನೋಡುವ.”

ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ನಿಮ್ಮ ಮಾತನ್ನು ನಂಬಿ ಇಡೀ ಜೀವಮಾನ ಹೊಟ್ಟೆ ಕಟ್ಟಿ ಉಳಿಸಿದವರಿಗೆ ಈಗ ಜೂಜಾಡಿ ಎನ್ನುತ್ತಾರಲ್ಲ, ಯಾವ ನ್ಯಾಯ ಇದು?

ದೊಡ್ಡಮ್ಮ ಡಿಪಾಸಿಟ್ ರಸೀದಿಯನ್ನು ಕೌಂಟರಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಉಂಡವರಲ್ಲಿ ಉಳಿದದ್ದೇ ನಾಲ್ಕು ಜನ. ಅಸಲು ಯಾರಿಗೆ ಇಡುದು?” ಎಂದರು.

ಹಾಗಾಗಿ ನಿಮಗೆ ತಿಳಿಯದ ಸುದ್ದಿ ಇದು: ಅಸಲು ಮುಟ್ಟಿದ್ದೇವೆ. ಬೈಯುವುದಿದ್ದರೆ ನನಗೇ ಬೈಯಿರಿ, ದೊಡ್ಡಪ್ಪ. ದೊಡ್ಡಮ್ಮನಿಗೆ ಪುರುಸೊತ್ತಿಲ್ಲ. ಇವತ್ತು ಭಾನುವಾರ, ಅವರು ತುಪ್ಪದಲ್ಲಿ ಗೋಡಂಬಿ ಹುರಿಯುತ್ತಿದ್ದಾರೆ.